ಓದುಗನನ್ನು ಹುಡುಕಿಕೊಂಡು ಬರುವ ಬರಹ

ಓದತಕ್ಕ ಬರಹವೊಂದು ಓದುಗನ ಕೈಗೆ ಹೇಗೆ ಬಂದು ಸೇರುತ್ತದೆ? ಸಾಹಿತ್ಯದ ಮಾತು ಬಂದಾಗ ನಾವು ಕವಿಯನ್ನು ಕುರಿತು, ಕಾವ್ಯವನ್ನು ಕುರಿತು, ಬಹಳವಾದರೆ ಸಹೃದಯನನ್ನು ಕುರಿತು ವಿಚಾರ ಮಾಡುತ್ತೇವೆ. ಕವಿಗೂ ಸಹೃದಯನಿಗೂ ನಡುವಣ ದಾರಿಯನ್ನು ಕುರಿತು ಯೋಚಿಸುವುದು ಕಡಿಮೆ. ದಾರಿಯೇ ಇಲ್ಲದಿದ್ದರೆ ಕಾವ್ಯ ಇದ್ದೂ ಇಲ್ಲದಂತೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದುದು ಈ ದಾರಿಯನ್ನು ಸವೆಸುವುದಕ್ಕಾಗಿಯೇ. ಇಂದು ಅಂತರಜಾಲವೆಂಬ ಹೊಸ ದಾರಿ ನಮ್ಮ ಮನೆಯವರೆಗೆ, ಮನೆಯೇನು, ಅಂಗಿಯ ಜೇಬಿನವರೆಗೆ ಬಂದು ನಿಂತಿದೆ. ಆ ದಾರಿಯಲ್ಲಿ ಬರಹಗಳು ನಮ್ಮನ್ನು ಮುಟ್ಟುವ ರೀತಿ ಕಳೆದ ಮೂವತ್ತು ಮೂವತ್ತೈದು ವರ್ಷಗಳಲ್ಲಿ ಹೇಗೆ ಮಾರ್ಪಟ್ಟಿತು, ಅದರಿಂದ ಓದುಗನಿಗೆ ದಕ್ಕಿದ್ದೇನು, ಕೈಬಿಟ್ಟುಹೋದದ್ದೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬಹುದು.

ಜಿನೀವಾ ನಗರದ ಬಳಿ ಸರ್ನ್ ಎಂಬ ಭೌತವಿಜ್ಞಾನದ ಸಂಶೋಧನಾಲಯವಿದೆ. ಅಲ್ಲಿ ಕೆಲಸದಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಒಂದು ಯೋಜನೆಯನ್ನು ಮುಂದಿಟ್ಟರು. ಒಂದು ಬರಹದಲ್ಲಿ ಗುರುತು ಮಾಡಿದ ಪದವನ್ನು ಒತ್ತಿದರೆ ಇನ್ನೆಲ್ಲಿಯೋ ಇರುವ ಮತ್ತೊಂದು ಬರಹ ಕಣ್ಣಮುಂದೆ ತೆರೆದುಕೊಳ್ಳಬೇಕು. ಇದು ಅದರ ತಿರುಳು. ಈ ಗುರುತಿಗೆ ಕೊಂಡಿ ಎಂದು ಹೆಸರು. ಗ್ರಂಥಸಂಪಾದನೆಯ ಪರಿಚಯವಿರುವವರಿಗೆ ಇದು ಹೊಸದಲ್ಲ. ನಮ್ಮ ಅಡಿಟಿಪ್ಪಣಿಗೇ ಕಾಲು ಬಂದಂತೆ. ಪುಟಗಳು ಸಾವಿರಗಟ್ಟಲೆಯಾದಾಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳು 1994ರಲ್ಲಿ ಅವುಗಳನ್ನು ವಿಷಯವಾರು ವಿಂಗಡಿಸಿ ಯಾಹೂ ಎಂಬ ಸೂಚಿಯನ್ನು ಕಟ್ಟಿದರು. ಅದು ಗ್ರಂಥಪಾಲಕನ ವಿಧಾನ. ಪುಟಗಳು ಲಕ್ಷ, ಕೋಟಿಯಾದಾಗ ಆ ವಿಧಾನ ಸೋತಿತು. 1998ರಲ್ಲಿ ಸ್ಥಾಪನೆಯಾದ ಗೂಗಲ್ ಬೇರೊಂದು ಉಪಾಯ ಹಿಡಿಯಿತು: ಒಂದು ಪುಟಕ್ಕೆ ಎಷ್ಟು ಪುಟಗಳು ಕೊಂಡಿ ಕೊಟ್ಟಿವೆ, ಹಾಗೆ ಕೊಟ್ಟ ಪುಟಗಳ ಯೋಗ್ಯತೆ ಎಷ್ಟು ಎಂದು ಎಣಿಸಿ ಅದರ ಸ್ಥಾನವನ್ನು ಗೊತ್ತುಮಾಡುವುದು. ಪಂಡಿತರು ಯಾರ ಗ್ರಂಥವನ್ನು ಹೆಚ್ಚಾಗಿ ಉದ್ಧರಿಸುತ್ತಾರೋ ಅವನು ಪ್ರಮಾಣಪುರುಷ ಎಂಬ ಹಳೆಯ ನ್ಯಾಯವನ್ನೇ ಅವರು ಗಣಿತಕ್ಕೆ ಅಳವಡಿಸಿದರು.

ಆ ಕಾಲದಲ್ಲಿ ಕನ್ನಡದ ಪಾಡು ಏನಾಗಿತ್ತು? ಇದು ಹೆಚ್ಚು ಜನಕ್ಕೆ ತಿಳಿಯದ ಕಥೆ. ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ರೋಮನ್ ಲಿಪಿಯ ಮೊದಲ ದೊಡ್ಡಕ್ಷರಕ್ಕೆ 65 ಎಂಬ ಸಂಖ್ಯೆಯನ್ನು ಕೊಟ್ಟಿದ್ದರು. ಕನ್ನಡದ ಅಕ್ಷರಗಳಿಗೆ ಬಳಕೆಯಲ್ಲಿ ಇಂತಹ ಸ್ವಂತ ಸಂಖ್ಯೆಯಿರಲಿಲ್ಲವಾಗಿ, ರೋಮನ್ ಅಕ್ಷರಗಳ ಆಸನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದರು. ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಮುಂತಾದ ತಂತ್ರಾಂಶಗಳಿಂದ ಕನ್ನಡವನ್ನು ಚೆನ್ನಾಗಿ ಬೆರಳಚ್ಚಿಸಬಹುದಾಗಿತ್ತು. ಅವುಗಳ ಉಪಕಾರ ಸಣ್ಣದಲ್ಲ. ಆದರೆ ಅಂತರಜಾಲಕ್ಕೇರಿದ ಕನ್ನಡ ಮನುಷ್ಯನ ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಒಂದೊಂದು ಪತ್ರಿಕೆಯ ಅಕ್ಷರಮಾದರಿ ಒಂದೊಂದು ಬಗೆ. 'ಕುಮಾರವ್ಯಾಸ' ಎಂದು ಹುಡುಕಿದರೆ ಕುಮಾರವ್ಯಾಸ ಸಿಗುತ್ತಿರಲಿಲ್ಲ. ಬರೆದದ್ದು ಇದೆ, ಓದಬೇಕೆನ್ನುವವನೂ ಇದ್ದಾನೆ, ಇಬ್ಬರಿಗೂ ಭೇಟಿಯಿಲ್ಲ!

ಈ ಬಿಕ್ಕಟ್ಟನ್ನು ಬಿಡಿಸಿದುದು ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತ. ಅದರಲ್ಲಿ ನಮ್ಮ 'ಕ'ಕಾರಕ್ಕೆ 3221 ಎಂಬ, ಬೇರಾರಿಗೂ ಸಲ್ಲದ ಸಂಖ್ಯೆಯಿದೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಮನೆಮನೆಯ ಗಣಕಯಂತ್ರಗಳಿಗೆ ಇಳಿದುಬರಲು ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದುದು ಈ ಸಂಕೇತದ ಆಧಾರದ ಮೇಲೆ. ಅಲ್ಲಿಂದೀಚೆಗೆ ಕನ್ನಡದ ಪದವೊಂದನ್ನು ಕನ್ನಡದಲ್ಲಿಯೇ ಬರೆದು ಜಗತ್ತಿನ ಯಾವ ಮೂಲೆಯಿಂದಲಾದರೂ ಹುಡುಕುವುದು ಸಾಧ್ಯವಾಯಿತು. ನಮ್ಮ ನುಡಿಗೆ ಮುದ್ರಣಯಂತ್ರ ಬಂದುದಕ್ಕೆ ಸಮನಾದ ಘಟನೆಯಿದು ಎಂದು ನಾನು ಎಣಿಸುತ್ತೇನೆ. ಯಾರೂ ಇದಕ್ಕೊಂದು ಉತ್ಸವ ಮಾಡಿದಂತೆ ಕಾಣೆ. ಇರಲಿ.

ವಿಚಿತ್ರವೆಂದರೆ, ಕನ್ನಡಿಗನಿಗೆ ಹುಡುಕುವ ಶಕ್ತಿ ಬಂದ ಹೊತ್ತಿಗೆ ಸರಿಯಾಗಿ ಲೋಕ ಹುಡುಕುವುದನ್ನು ಬಿಡತೊಡಗಿತ್ತು. 2006ರಲ್ಲಿ ಫೇಸ್‌ಬುಕ್ ಸಂಸ್ಥೆ ನ್ಯೂಸ್ ಫೀಡ್ ಎಂಬುದನ್ನು ತಂದಿತು. ಸ್ನೇಹಿತರು ಬರೆದದ್ದು, ಮೆಚ್ಚಿದ್ದು, ಹಂಚಿದ್ದು ಎಲ್ಲವೂ ತಾನಾಗಿ ಹೊನಲಿನಂತೆ ಹರಿದು ಬರುವ ಏರ್ಪಾಡು ಅದು. 2009ರಲ್ಲಿ 'ಲೈಕ್' ಎಂಬ ಗುಂಡಿ ಸೇರಿಕೊಂಡಿತು. ಯಾವುದನ್ನು ಒತ್ತಿದಿರಿ, ಯಾವುದರ ಮುಂದೆ ಎಷ್ಟು ಹೊತ್ತು ನಿಂತಿರಿ ಎಂಬುದನ್ನು ಯಂತ್ರ ಗಮನಿಸಿ, ಅದೇ ಜಾತಿಯದನ್ನು ಮತ್ತೆ ಮತ್ತೆ ಬಡಿಸುತ್ತದೆ. ಇಂದು ಯೂಟ್ಯೂಬ್, ಇನ್‌ಸ್ಟಾಗ್ರಾಂಗಳಲ್ಲಿ ನಡೆಯುತ್ತಿರುವುದೂ ಬಹುಮಟ್ಟಿಗೆ ಇದೇ. ಅಭಿರುಚಿಯ ಮಾತನ್ನು ಆಡುವ ನಮಗೆ ಇಲ್ಲಿ ಒಂದು ಸಂದೇಹ ಏಳಬೇಕು. ಗ್ರಂಥಭಂಡಾರದಲ್ಲಿ ಪಂಪನನ್ನು ಅರಸಿ ಹೋದವನ ಕೈಗೆ ಪಕ್ಕದ ನಯಸೇನ ಸಿಕ್ಕಿ, ಅವನ ಓದಿನ ದಿಕ್ಕೇ ಬೇರೆಯಾಗುವುದುಂಟು. ನಮ್ಮ ನಿನ್ನೆಯ ರುಚಿಯನ್ನೇ ಅಳತೆಗೋಲಾಗಿ ಹಿಡಿದ ಯಂತ್ರ ಪಂಪನ ಬಳಿಕ ಪಂಪನನ್ನೇ ತಂದಿಟ್ಟೀತು.

ಇನ್ನು ವಾಟ್ಸಾಪ್. ನಮ್ಮ ಪಟ್ಟಣಗಳಲ್ಲಿ ನಿವೃತ್ತರು, ಗೃಹಿಣಿಯರು, ಉಪಾಧ್ಯಾಯರು ಇಂದು ಏನನ್ನಾದರೂ ಓದುತ್ತಿದ್ದರೆ ಅದರ ಬಹುಭಾಗ ಇದರ ಮೂಲಕ ಬಂದದ್ದು. ಇಲ್ಲಿ ಕೊಂಡಿಯೂ ಇಲ್ಲ, ಸೂಚಿಯೂ ಇಲ್ಲ. ಬಂದದ್ದನ್ನು ಮುಂದಕ್ಕೆ ದಾಟಿಸುವುದೊಂದೇ. ಒಂದೇ ಪದ್ಯ ಒಂದೇ ವಾರದಲ್ಲಿ ಮೂವರು ಕವಿಗಳ ಹೆಸರಿನಲ್ಲಿ ನನಗೆ ಬಂದುದುಂಟು. ಅದರ ಛಂದಸ್ಸನ್ನು ನೋಡಿದರೆ ಮೂವರಲ್ಲಿ ಯಾರೂ ಅದನ್ನು ಬರೆದಿರಲಾರರು. ಇದನ್ನು ನಕ್ಕು ಬಿಡಬಹುದು. ಆದರೆ ಯಾರು ಹೇಳಿದ್ದೆಂದು ಕೇಳದೆ ದಾಟಿಸುವ ಅಭ್ಯಾಸ ಪದ್ಯದಲ್ಲಿಯೇ ನಿಲ್ಲುವುದಿಲ್ಲ. 2018ರ ಜುಲೈ ತಿಂಗಳಿನಲ್ಲಿ ನಮ್ಮ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮಕ್ಕಳ ಕಳ್ಳರೆಂಬ ವದಂತಿ ವಾಟ್ಸಾಪಿನಲ್ಲಿ ಹಬ್ಬಿ, ಹೈದರಾಬಾದಿನಿಂದ ಬಂದಿದ್ದ ನಿರಪರಾಧಿ ಯುವಕನೊಬ್ಬ ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡ. ಆ ವರ್ಷ ದೇಶದ ಬೇರೆಡೆಗಳಲ್ಲಿಯೂ ಇಂತಹವು ನಡೆದವು. ಅದೇ ತಿಂಗಳು ಆ ಸಂಸ್ಥೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸಲಾಗದಂತೆ ಮಿತಿ ಹಾಕುವುದಾಗಿ ಸಾರಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಒಮ್ಮೆಗೆ ಒಂದೇ ಕಡೆ ಎಂದು ಮಾಡಿತು. ವೇಗ ಕುಗ್ಗಿರಬಹುದು. ಹೇಳಿದವರಾರು ಎಂಬ ಪ್ರಶ್ನೆಗೆ ಉತ್ತರ ಹುಟ್ಟಲಿಲ್ಲ.

ನಮ್ಮ ಹಿಂದಿನವರು ಈ ಪ್ರಶ್ನೆಯನ್ನು ಎದುರಿಸಿದ ಬಗೆ ನೋಡಿ. ವಚನಗಳೂ ಕೀರ್ತನೆಗಳೂ ಬಾಯಿಂದ ಬಾಯಿಗೆ ಹೋದಂತಹವು. ಆದರೆ ಪ್ರತಿಯೊಂದರ ಒಡಲಲ್ಲಿಯೂ ಅಂಕಿತವಿತ್ತು. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ, ಪುರಂದರ ವಿಠಲ ಎಂದರೆ ಪುರಂದರದಾಸರು. ಎಷ್ಟು ಬಾಯಿ ದಾಟಿದರೂ ಕರ್ತೃವಿನ ಗುರುತು ಕೃತಿಯಿಂದ ಅಗಲಲಿಲ್ಲ. ಅಂಕಿತವನ್ನು ಎರವಲು ಪಡೆದು ಹೊಸದನ್ನು ಸೇರಿಸಿದವರೂ ಇದ್ದರೆನ್ನಿ. ಕದಿಯುವುದಕ್ಕಾದರೂ ಅಲ್ಲಿ ಒಂದು ಹೆಸರಿತ್ತು! ಇದಕ್ಕೆ ಎದುರಾದ ನಿದರ್ಶನವೂ ನಮ್ಮಲ್ಲಿದೆ. ಹದಿಮೂರನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ಅನೇಕ ಕಾವ್ಯಗಳಿಂದ ಪದ್ಯಗಳನ್ನು ಆಯ್ದು 'ಸೂಕ್ತಿಸುಧಾರ್ಣವ'ವನ್ನು ಸಂಕಲಿಸಿದನು. ಅವನಿಂದಾಗಿ ಎಷ್ಟೋ ಸುಂದರ ಪದ್ಯಗಳು ಉಳಿದವು. ಆದರೆ ಅವುಗಳಲ್ಲಿ ಹಲವನ್ನು ಬರೆದ ಕವಿ ಯಾರೆಂಬುದು ವಿದ್ವಾಂಸರಿಗೆ ಇಂದಿಗೂ ಬಗೆಹರಿದಿಲ್ಲ.

ಈಚೆಗೆ ಮಲ್ಲಿಕಾರ್ಜುನನ ಕೆಲಸವನ್ನು ಯಂತ್ರವೇ ವಹಿಸಿಕೊಂಡಿದೆ. 2024ರಿಂದ ಗೂಗಲ್ ನಾವು ಕೇಳಿದ ಎಷ್ಟೋ ಪ್ರಶ್ನೆಗಳಿಗೆ, ಹಲವು ಪುಟಗಳ ಸಾರವನ್ನು ತಾನೇ ಬೆರೆಸಿ, ಉತ್ತರವನ್ನು ಮೇಲ್ಗಡೆಯಲ್ಲಿಯೇ ಬರೆದು ತೋರಿಸುತ್ತಿದೆ. ಮೂಲದ ಕೊಂಡಿಗಳು ಪಕ್ಕದಲ್ಲಿಯೋ ಕೆಳಗೋ ಇರುತ್ತವೆ. ಉತ್ತರ ಸಿಕ್ಕ ಮೇಲೆ ಅವುಗಳನ್ನು ಒತ್ತುವವರು ಎಷ್ಟು ಜನ? ಅಡಿಟಿಪ್ಪಣಿಯನ್ನು ಓದುವವರು ಎಂದಿಗೂ ಕಡಿಮೆ ಎಂಬುದನ್ನು ಪಾಠ ಹೇಳಿದ ನಾನು ಬಲ್ಲೆ.

ಇನ್ನೊಂದು ಬಗೆಯ ಕೆಲಸವೂ ಕನ್ನಡದಲ್ಲಿ ನಡೆದಿದೆ. 'ವಚನ ಸಂಚಯ' ಎಂಬ ಹೆಸರಿನಲ್ಲಿ ತಂತ್ರಜ್ಞರೂ ವಿದ್ವಾಂಸರೂ ಕೂಡಿ 20,000ಕ್ಕೂ ಮೀರಿದ ವಚನಗಳನ್ನು ಅಂತರಜಾಲದಲ್ಲಿ ಇರಿಸಿದ್ದಾರೆ. 'ಬಯಲು' ಎಂದೋ 'ಕಾಯಕ' ಎಂದೋ ಪದವನ್ನು ಕೊಟ್ಟರೆ, ಅದು ಬರುವ ವಚನಗಳು ವಚನಕಾರರ ಹೆಸರಿನೊಂದಿಗೆ ಎದುರಿಗೆ ಬರುತ್ತವೆ. ಹಿಂದೆ ಇಂತಹ ಪದಪ್ರಯೋಗದ ಪಟ್ಟಿಯನ್ನು ಮಾಡಲು ಒಬ್ಬ ಸಂಶೋಧಕ ಚೀಟಿಗಳನ್ನು ಬರೆದು ಪೆಟ್ಟಿಗೆಗೆ ತುಂಬುತ್ತ ವರ್ಷಗಳನ್ನೇ ಕಳೆಯಬೇಕಾಗಿತ್ತು. ಈಗ ಅದು ಸಂಜೆಯ ಕಾಫಿ ಆರುವುದರೊಳಗೆ ಮುಗಿಯುತ್ತದೆ.