ರೇಷ್ಮೆಯಲ್ಲಿ ನೆಯ್ದ ಭಾವಚಿತ್ರ, ರಟ್ಟಿನಲ್ಲಿ ಕೊರೆದ ಅಪ್ಪಣೆ

1839ರಲ್ಲಿ ಫ್ರಾನ್ಸ್ ದೇಶದ ಲಿಯೋನ್ ನಗರದಲ್ಲಿ ವಿಚಿತ್ರವಾದ ಒಂದು ಭಾವಚಿತ್ರ ಸಿದ್ಧವಾಯಿತು. ಕುರ್ಚಿಯಲ್ಲಿ ಕುಳಿತ ಒಬ್ಬ ವೃದ್ಧ, ಅವನ ಕೈಯಲ್ಲಿ ಕೈವಾರ, ಸುತ್ತಲೂ ಕಸುಬಿನ ಉಪಕರಣಗಳು: ಇಷ್ಟೇ ಅದರ ವಸ್ತು. ಉಡುಪಿನ ಮಡಿಕೆ, ಮುಖದ ಸುಕ್ಕು, ಬೆಳಕು ನೆರಳುಗಳ ಏರಿಳಿತ ಎಲ್ಲವೂ ಬಹಳ ನಯವಾಗಿ ಮೂಡಿದ್ದುವು. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ತರಿಸಿ, ಗಾಜಿನ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದನು. ಚಿತ್ರಕಲೆಯನ್ನೇ ಬಾಳಾಗಿಸಿಕೊಂಡ ರಾಯಲ್ ಅಕಾಡೆಮಿಯ ಇಬ್ಬರು ಸದಸ್ಯರು ಕೂಡ ಅದನ್ನು ಲೋಹದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಚಿತ್ರವೆಂದು ಭ್ರಮಿಸಿದರೆಂದು ಅವನು 1864ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಆದರೆ ಅಲ್ಲಿ ಕಾಗದವೂ ಇರಲಿಲ್ಲ, ಮಸಿಯೂ ಇರಲಿಲ್ಲ. ಅದು ಮಗ್ಗದ ಮೇಲೆ ರೇಷ್ಮೆಯ ಎಳೆಗಳಿಂದ ನೆಯ್ದ ವಸ್ತ್ರ.

ಚಿತ್ರದಲ್ಲಿರುವ ವೃದ್ಧನೇ ಜೋಸೆಫ್ ಮರಿ ಜಕಾರ್ಡ್. ಅವನ ಹೆಸರಿನ ಯಂತ್ರದಿಂದಲೇ ಅವನ ಚಿತ್ರವನ್ನೂ ನೆಯ್ದಿದ್ದರು. ಅದಕ್ಕಾಗಿ ತೂತು ಕೊರೆದ 24,000 ರಟ್ಟಿನ ಪಟ್ಟಿಗಳು ಬೇಕಾದುವು. ಬಟ್ಟೆ ನೆಯ್ಯುವ ಕೆಲಸಕ್ಕೂ ರಟ್ಟಿನ ತೂತಿಗೂ ಏನು ಸಂಬಂಧ? ಲೆಕ್ಕದಲ್ಲಿ ಮುಳುಗಿದ್ದ ಗಣಿತಜ್ಞನಿಗೆ ನೇಕಾರನ ಚಿತ್ರದಲ್ಲಿ ಅಷ್ಟೊಂದು ಆಸಕ್ತಿ ಏಕೆ? ಈ ಎರಡು ಪ್ರಶ್ನೆಗಳನ್ನು ಬಿಡಿಸಿದರೆ ಇಂದಿನ ಗಣಕಯಂತ್ರದ ವಂಶವೃಕ್ಷದ ಒಂದು ಮುಖ್ಯವಾದ ಬೇರು ಕಾಣಸಿಗುತ್ತದೆ.

ಹಾಸು ಮತ್ತು ಹೊಕ್ಕು

ಬಟ್ಟೆಯಲ್ಲಿ ಎರಡು ಬಗೆಯ ಎಳೆಗಳಿರುತ್ತವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಮಗ್ಗದ ಉದ್ದಕ್ಕೆ ಬಿಗಿದು ಕಟ್ಟಿದ ಎಳೆಗಳು ಹಾಸು. ಲಾಳಿಯೊಡನೆ ಅಡ್ಡಲಾಗಿ ಓಡಾಡುವ ಎಳೆ ಹೊಕ್ಕು. ಹಾಸಿನ ಕೆಲವು ಎಳೆಗಳನ್ನು ಮೇಲೆತ್ತಿದಾಗ ಎತ್ತಿದ ಎಳೆಗಳಿಗೂ ಎತ್ತದ ಎಳೆಗಳಿಗೂ ನಡುವೆ ಒಂದು ಸಂದು ಏರ್ಪಡುತ್ತದೆ. ಲಾಳಿ ಆ ಸಂದಿನಲ್ಲಿ ಹಾದುಹೋಗುತ್ತದೆ. ಸಾದಾ ನೆಯ್ಗೆಯಲ್ಲಿ ಒಂದು ಬಿಟ್ಟು ಒಂದು ಎಳೆಯನ್ನು ಎತ್ತಿದರಾಯಿತು; ಮುಂದಿನ ಸಲ ಉಳಿದವನ್ನು ಎತ್ತಬೇಕು. ಈ ಕೆಲಸಕ್ಕೆ ಕಾಲಿನಿಂದ ತುಳಿಯುವ ಎರಡು ಹಲಗೆಗಳು ಸಾಕು.

ಬಟ್ಟೆಯಲ್ಲಿ ಹೂವೊಂದು ಮೂಡಬೇಕಾದರೆ ಸಂಗತಿ ಇಷ್ಟು ಸುಲಭವಲ್ಲ. ಹೊಕ್ಕಿನ ಪ್ರತಿಯೊಂದು ಸಾಲಿನಲ್ಲಿಯೂ ಎತ್ತಬೇಕಾದ ಎಳೆಗಳು ಬೇರೆ ಬೇರೆ. ಹಿಂದಿನ ಕಾಲದಲ್ಲಿ ಇದಕ್ಕಾಗಿ ನೇಕಾರನಿಗೆ ಒಬ್ಬ ಸಹಾಯಕನು ಬೇಕಾಗುತ್ತಿದ್ದನು. ಹಾಸಿನ ಎಳೆಗಳಿಗೆ ಕಟ್ಟಿದ ದಾರಗಳ ಗೊಂಚಲುಗಳಲ್ಲಿ ಆಯಾ ಸಾಲಿಗೆ ತಕ್ಕವನ್ನು ಆರಿಸಿ ಎಳೆದು ಹಿಡಿಯುವುದು ಅವನ ಕೆಲಸ. ಅನೇಕ ವೇಳೆ ಆ ಸಹಾಯಕನು ಒಬ್ಬ ಹುಡುಗನಾಗಿರುತ್ತಿದ್ದನು. ದಿನವಿಡೀ ಬಾಗಿ ನಿಂತು ಭಾರವನ್ನು ಎಳೆಯುವ ಆ ದುಡಿಮೆ ಎಳೆಯ ಮೈಗೆ ಸಲ್ಲುವಂಥದಲ್ಲ. ದಾರ ತಪ್ಪಿದರೆ ಹೂವಿನ ದಳವೂ ತಪ್ಪುತ್ತಿತ್ತು. ನಮ್ಮ ಬನಾರಸದ ಮಗ್ಗಗಳಲ್ಲಿಯೂ ‘ಜಾಲಾ’ ಎಂಬ ದಾರದ ಕಟ್ಟು ಇದೇ ಕೆಲಸವನ್ನು ಮಾಡುತ್ತಿತ್ತು. ವಿನ್ಯಾಸದ ನೆನಪೆಲ್ಲವೂ ಆ ಗಂಟುಗಳಲ್ಲಿಯೇ ಅಡಗಿರುತ್ತಿತ್ತು.

ತೂತಿನ ತರ್ಕ

ಜಕಾರ್ಡನು 1752ರಲ್ಲಿ ಲಿಯೋನಿನ ನೇಕಾರರ ಮನೆಯಲ್ಲಿ ಹುಟ್ಟಿದವನು. ಆದರೆ ಈ ಯಂತ್ರದ ಕಲ್ಪನೆ ಪೂರ್ತಿಯಾಗಿ ಅವನೊಬ್ಬನದೇ ಎನ್ನುವಂತಿಲ್ಲ. 1725ರಲ್ಲಿ ಬಾಸಿಲ್ ಬೂಶೋನ್ ಎಂಬುವನು ತೂತು ಕೊರೆದ ಕಾಗದದ ಸುರುಳಿಯಿಂದ ಎಳೆಗಳನ್ನು ಆರಿಸುವ ಉಪಾಯವನ್ನು ಕಂಡುಹಿಡಿದಿದ್ದನು. ಕೆಲವೇ ವರ್ಷಗಳಲ್ಲಿ ಫಾಲ್ಕೋನ್ ಎಂಬುವನು ಕಾಗದದ ಬದಲು ಒಂದಕ್ಕೊಂದು ಹೊಲಿದ ರಟ್ಟಿನ ಪಟ್ಟಿಗಳನ್ನು ಬಳಕೆಗೆ ತಂದನು. 1745ರಲ್ಲಿ, ಕೃತಕ ಬಾತುಕೋಳಿಯನ್ನು ಮಾಡಿ ಯೂರೋಪನ್ನೇ ಬೆರಗುಗೊಳಿಸಿದ್ದ ವೋಕಾನ್ಸೋನ್, ಸಹಾಯಕನ ಹಂಗಿಲ್ಲದೆ ತಾನೇ ಎಳೆಗಳನ್ನು ಆರಿಸುವ ಮಗ್ಗವನ್ನು ರಚಿಸಿದನು. ಆದರೆ ಅದು ಬಳಕೆಗೆ ಬರಲಿಲ್ಲ. ಪ್ಯಾರಿಸಿನ ಸಂಗ್ರಹಾಲಯದಲ್ಲಿದ್ದ ಆ ಮಗ್ಗವನ್ನು ಜಕಾರ್ಡನು ಪರಿಶೀಲಿಸಿದನು. ಮೂವರ ಉಪಾಯಗಳನ್ನೂ ಒಟ್ಟುಗೂಡಿಸಿ, 1804ರ ಸುಮಾರಿಗೆ ಕಾರ್ಖಾನೆಗೆ ಒಗ್ಗುವಂಥ ಯಂತ್ರವನ್ನು ಮುಂದಿಟ್ಟನು.

ಅದರ ಕ್ರಮ ಹೀಗಿದೆ. ಮಗ್ಗದ ಮೇಲ್ಭಾಗದಲ್ಲಿ ಕೊಕ್ಕೆಗಳು ಸಾಲಾಗಿ ನೆಟ್ಟಗೆ ನಿಂತಿರುತ್ತವೆ. ಒಂದೊಂದು ಕೊಕ್ಕೆಯೂ ಹಾಸಿನ ಒಂದು ಎಳೆಗೆ, ಅಥವಾ ಒಂದೇ ವಿನ್ಯಾಸವು ಮರುಕಳಿಸುವ ಕಡೆ ಹಲವು ಎಳೆಗಳಿಗೆ, ಒಡೆಯ. ಪ್ರತಿಯೊಂದು ಕೊಕ್ಕೆಯನ್ನೂ ಅಡ್ಡಲಾಗಿ ಮಲಗಿರುವ ಒಂದು ಸೂಜಿ ಬಳಸಿ ಹಿಡಿದಿರುತ್ತದೆ. ಸೂಜಿಗಳ ಮೊನೆಗಳ ಎದುರಿಗೆ ನಾಲ್ಕು ಮುಖಗಳ ಒಂದು ಮರದ ದಿಮ್ಮಿ ಇರುತ್ತದೆ. ಅದರ ಮೇಲೆ ರಟ್ಟಿನ ಪಟ್ಟಿಗಳ ಸರಪಳಿ ಹಾದುಹೋಗುತ್ತದೆ. ನೇಕಾರನು ತುಳಿಹಲಗೆಯನ್ನು ಒತ್ತಿದಾಗ ದಿಮ್ಮಿಯು ಒಂದು ಪಟ್ಟಿಯನ್ನು ಸೂಜಿಗಳ ಮೇಲೆ ಒತ್ತುತ್ತದೆ. ಪಟ್ಟಿಯಲ್ಲಿ ತೂತಿದ್ದ ಕಡೆ ಸೂಜಿ ಒಳನುಗ್ಗಿ ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ. ತೂತಿಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳುತ್ತದೆ. ಅದರೊಡನೆ ಕೊಕ್ಕೆಯೂ ಸರಿಯುತ್ತದೆ. ಆಗ ಮೇಲೇಳುವ ಲೋಹದ ಪಟ್ಟಿಗಳು ಸರಿಯದೆ ಉಳಿದ ಕೊಕ್ಕೆಗಳನ್ನು ಮಾತ್ರ ಸಿಕ್ಕಿಸಿಕೊಂಡು ಎತ್ತುತ್ತವೆ. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ. ಲಾಳಿ ಒಂದು ಸಲ ಹಾದೊಡನೆ ದಿಮ್ಮಿ ಕಾಲು ಸುತ್ತು ತಿರುಗಿ ಮುಂದಿನ ಪಟ್ಟಿಯನ್ನು ಎದುರಿಗೆ ತರುತ್ತದೆ.

‘ಹೌದು’ ಅಥವಾ ‘ಅಲ್ಲ’: ಇವೆರಡನ್ನು ಬಿಟ್ಟು ಮೂರನೆಯ ಮಾತು ಈ ಯಂತ್ರಕ್ಕೆ ತಿಳಿಯದು. ಆದರೂ ಇದರ ಶಕ್ತಿ ಅಪಾರ. ಪಟ್ಟಿಯಲ್ಲಿ ಒಂದೇ ಸ್ಥಾನವಿದ್ದರೆ ಎರಡು ಬಗೆ. ಎರಡು ಸ್ಥಾನಗಳಿದ್ದರೆ ನಾಲ್ಕು. ಎಂಟು ಸ್ಥಾನಗಳಿದ್ದರೆ 256. ಸಾವಿರ ಸ್ಥಾನಗಳಿದ್ದರೆ ಸಾಧ್ಯವಾದ ಬಗೆಗಳ ಸಂಖ್ಯೆಯನ್ನು ಬರೆಯಲು 302 ಅಂಕಿಗಳು ಬೇಕು. ಜಕಾರ್ಡನ ಭಾವಚಿತ್ರಕ್ಕೆ ಬಳಸಿದ ಒಂದೊಂದು ಪಟ್ಟಿಯಲ್ಲಿಯೂ ಸಾವಿರಕ್ಕೂ ಹೆಚ್ಚು ಸ್ಥಾನಗಳಿದ್ದುವು. ಸಾವಿರವೆಂದೇ ಹಿಡಿದರೂ 24,000 ಪಟ್ಟಿಗಳಿಗೆ ಒಟ್ಟು 2 ಕೋಟಿ 40 ಲಕ್ಷ ಸ್ಥಾನಗಳಾಗುತ್ತವೆ. ಇಂದಿನ ಗಣಕದ ಭಾಷೆಯಲ್ಲಿ ಇಂತಹ ಒಂದು ಸ್ಥಾನವೇ ಒಂದು ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆ ಪ್ರಕಾರ ಈ ಚಿತ್ರದ ಗಾತ್ರ ಸುಮಾರು 3 ಮೆಗಾಬೈಟ್. ಕಿಸೆಯ ದೂರವಾಣಿಯಲ್ಲಿ ತೆಗೆದ ಒಂದು ಛಾಯಾಚಿತ್ರವೂ ಹೆಚ್ಚುಕಡಿಮೆ ಇಷ್ಟೇ ಜಾಗವನ್ನು ಹಿಡಿಯುತ್ತದೆ!

ಚಿತ್ರವನ್ನು ಓದುವವನು

ಯಂತ್ರಕ್ಕೆ ಹೂವಿನ ಅರಿವಿಲ್ಲ, ಮುಖದ ಅರಿವೂ ಇಲ್ಲ. ಹಾಗಾದರೆ ಚಿತ್ರವು ತೂತುಗಳಾಗಿ ಮಾರ್ಪಡುವುದು ಹೇಗೆ? ಇದು ಮನುಷ್ಯನ ಕೆಲಸ. ಕಲಾವಿದನು ಬರೆದ ಚಿತ್ರವನ್ನು ಮೊದಲು ಚೌಕುಳಿ ಕಾಗದದ ಮೇಲೆ ದೊಡ್ಡದಾಗಿ ಇಳಿಸುತ್ತಿದ್ದರು. ಒಂದೊಂದು ಚೌಕವೂ ಒಂದು ಹಾಸು ಮತ್ತು ಒಂದು ಹೊಕ್ಕು ಕೂಡುವ ತಾಣ. ಬಳಿಕ ನುರಿತ ಕೆಲಸಗಾರನೊಬ್ಬನು ಸಾಲು ಸಾಲಾಗಿ ಆ ಚೌಕಗಳನ್ನು ಓದಿ ತೂತು ಕೊರೆಯುವ ಕೆಲಸವನ್ನು ನಡೆಸುತ್ತಿದ್ದನು. ಕಣ್ಣಿಗೆ ಕಾಣುವ ಸೌಂದರ್ಯವನ್ನು ಯಂತ್ರಕ್ಕೆ ತಿಳಿಯುವ ಅಪ್ಪಣೆಗಳನ್ನಾಗಿ ಬಿಡಿಸುವ ಈ ಕುಶಲಿಯನ್ನು ಇಂದಿನ ಕಾರ್ಯಕ್ರಮಲೇಖಕರ ಪೂರ್ವಜನೆನ್ನಬಹುದು.

ಇಂತಹ ಜಾಣ್ಮೆ ಕಾಶ್ಮೀರದ ಶಾಲು ನೇಕಾರರಲ್ಲಿ ಬೇರೊಂದು ರೂಪದಲ್ಲಿ ಬೆಳೆದಿತ್ತು. ಯಾವ ಬಣ್ಣದ ನೂಲನ್ನು ಎಷ್ಟು ಎಳೆಗಳ ಮೇಲೆ ಹಾಯಿಸಬೇಕೆಂಬುದನ್ನು ಅವರು ‘ತಾಲೀಮ್’ ಎಂಬ ಸಂಕೇತಲಿಪಿಯಲ್ಲಿ ಬರೆದಿಡುತ್ತಿದ್ದರು. ಒಬ್ಬನು ಅದನ್ನು ಗಟ್ಟಿಯಾಗಿ ಓದಿದರೆ, ಮಗ್ಗದ ಮುಂದೆ ಕುಳಿತವರು ಕೇಳಿ ನೆಯ್ಯುತ್ತಿದ್ದರು. ಲಿಯೋನಿನ ರಟ್ಟೂ ಕಾಶ್ಮೀರದ ಬರೆಹವೂ ವಿನ್ಯಾಸವನ್ನು ಸಂಕೇತವಾಗಿ ಮಾರ್ಪಡಿಸುವ ಎರಡು ದಾರಿಗಳು. ಒಂದನ್ನು ಓದುವುದು ಸೂಜಿ, ಇನ್ನೊಂದನ್ನು ಓದುವುದು ಮನುಷ್ಯ. ವ್ಯತ್ಯಾಸ ಇಷ್ಟೇ ಆದರೂ ಅದರ ಪರಿಣಾಮ ಸಣ್ಣದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮಗ್ಗಗಳೂ ಸ್ಕಾಟ್ಲೆಂಡಿನ ಪೇಯ್ಸ್ಲಿ ಪಟ್ಟಣದ ಮಗ್ಗಗಳೂ ಜಕಾರ್ಡ್ ಯಂತ್ರದ ನೆರವಿನಿಂದ ಕಾಶ್ಮೀರದ ಶಾಲಿನ ಮಾದರಿಗಳನ್ನು ಅಗ್ಗವಾಗಿ ನೆಯ್ದು ಮಾರಿದುವು. ಶ್ರೀನಗರದಲ್ಲಿ ತಿಂಗಳುಗಟ್ಟಲೆ ಕುಳಿತು ಒಂದೇ ಶಾಲನ್ನು ನೆಯ್ಯುತ್ತಿದ್ದವನ ಅನ್ನಕ್ಕೆ, ಅವನು ಕಂಡರಿಯದ ಊರಿನ ರಟ್ಟಿನ ಪಟ್ಟಿಗಳು ಪೈಪೋಟಿಗೆ ನಿಂತುವು.

ಲಾಭ ಯಾರಿಗೆ?

ಲಿಯೋನಿನಲ್ಲಿಯೂ ಎಲ್ಲರೂ ಈ ಯಂತ್ರವನ್ನು ಹರ್ಷದಿಂದ ಬರಮಾಡಿಕೊಂಡರೆನ್ನುವಂತಿಲ್ಲ. 1805ರಲ್ಲಿ ನೆಪೋಲಿಯನ್ನನ ಸರಕಾರವು ಜಕಾರ್ಡನಿಗೆ ನಿವೃತ್ತಿವೇತನವನ್ನು ಗೊತ್ತುಮಾಡಿ ಯಂತ್ರವನ್ನು ಸಾರ್ವಜನಿಕ ಸ್ವತ್ತನ್ನಾಗಿಸಿತು. ಇದರಿಂದ ಅದು ಬೇಗ ಹಬ್ಬಿತು. ಕೆಲಸ ಕಳೆದುಕೊಳ್ಳುವೆವೆಂಬ ಭೀತಿಯಿಂದ ನೇಕಾರರು ಅದನ್ನು ದ್ವೇಷಿಸಿದರು. ದಾರ ಎಳೆಯುವ ಕಷ್ಟ ತಪ್ಪಿದುದು ನಿಜ. ಒಬ್ಬನೇ ನೇಕಾರನು ಹಿಂದಿಗಿಂತ ಬಹಳ ಹೆಚ್ಚು ಬಟ್ಟೆಯನ್ನು ನೆಯ್ಯಬಲ್ಲವನಾದುದೂ ನಿಜ. ಆದರೆ ಹೆಚ್ಚಿದ ಉತ್ಪತ್ತಿಯ ಲಾಭವು ಅವನ ಮನೆಗೆ ಬರುವುದೆಂಬ ಭರವಸೆಯನ್ನು ಯಂತ್ರವು ಕೊಡಲಾರದು. 1831ರಲ್ಲಿಯೂ 1834ರಲ್ಲಿಯೂ ಲಿಯೋನಿನ ರೇಷ್ಮೆ ನೇಕಾರರು ದಂಗೆಯೆದ್ದರು. 1831ರಲ್ಲಿ ಅವರು ಕೇಳಿದುದು ಯಂತ್ರವನ್ನು ಒಡೆಯುವ ಹಕ್ಕನ್ನಲ್ಲ, ನೆಯ್ದ ಬಟ್ಟೆಗೆ ನಿಶ್ಚಿತವಾದ ಕನಿಷ್ಠ ದರವನ್ನು. ಎರಡು ದಂಗೆಗಳನ್ನೂ ಸೈನ್ಯದ ಬಲದಿಂದ ಅಡಗಿಸಲಾಯಿತು. ಯಂತ್ರವನ್ನು ಕುರಿತ ವಾದಗಳಲ್ಲಿ ‘ಅದು ಏನು ಮಾಡಬಲ್ಲುದು’ ಎಂಬ ಪ್ರಶ್ನೆಯ ಜೊತೆಗೆ ‘ಅದರ ಫಲ ಯಾರಿಗೆ’ ಎಂಬುದನ್ನೂ ಕೇಳಬೇಕೆಂದು ಈ ಇತಿಹಾಸ ನಮಗೆ ತಿಳಿಸುತ್ತದೆ.

ಮಗ್ಗದಿಂದ ಗಣಕಕ್ಕೆ

ಈಗ ಬ್ಯಾಬೇಜನ ವಿಷಯಕ್ಕೆ ಬರೋಣ. ಯಾವ ಲೆಕ್ಕವನ್ನು ಕೊಟ್ಟರೂ ಮಾಡಬಲ್ಲ ಒಂದು ಯಂತ್ರವನ್ನು ಅವನು 1834ರಿಂದ ಯೋಚಿಸುತ್ತಿದ್ದನು. ಒಂದೇ ಯಂತ್ರಕ್ಕೆ ಬೇರೆ ಬೇರೆ ಲೆಕ್ಕಗಳನ್ನು ತಿಳಿಸುವುದು ಹೇಗೆಂಬುದು ಅವನ ತೊಡಕು. ಜಕಾರ್ಡನ ಮಗ್ಗದಲ್ಲಿ ಇದಕ್ಕೆ ಉತ್ತರವಿತ್ತು. ಪಟ್ಟಿಗಳ ಸರಪಳಿಯನ್ನು ಬದಲಾಯಿಸಿದರೆ ಮಗ್ಗ ಅದೇ ಇದ್ದರೂ ಗುಲಾಬಿಯ ಬದಲು ನವಿಲು ಮೂಡುತ್ತದೆ. ಮಾಡುವ ಯಂತ್ರ ಬೇರೆ, ಮಾಡಬೇಕಾದುದನ್ನು ತಿಳಿಸುವ ಅಪ್ಪಣೆ ಬೇರೆ. 1836ರಲ್ಲಿ ಬ್ಯಾಬೇಜ್ ರಂಧ್ರಪಟ್ಟಿಗಳನ್ನು ತನ್ನ ಯೋಜನೆಗೆ ಸೇರಿಸಿಕೊಂಡನು. 1843ರಲ್ಲಿ ಆ ಯಂತ್ರವನ್ನು ವಿವರಿಸಿ ಟಿಪ್ಪಣಿಗಳನ್ನು ಬರೆದ ಏಡಾ ಲವ್‌ಲೇಸ್, ಮಗ್ಗವು ಹೂವು ಎಲೆಗಳನ್ನು ನೆಯ್ಯುವುದಕ್ಕೂ ಈ ಯಂತ್ರವು ಬೀಜಗಣಿತದ ವಿನ್ಯಾಸಗಳನ್ನು ರಚಿಸುವುದಕ್ಕೂ ಇರುವ ಹೋಲಿಕೆಯನ್ನು ಎತ್ತಿ ತೋರಿಸಿದಳು. ಆದರೆ ಬ್ಯಾಬೇಜನ ಜೀವಮಾನದಲ್ಲಿ ಯಂತ್ರವು ಪೂರ್ಣಗೊಳ್ಳಲಿಲ್ಲ.

ರಂಧ್ರಪಟ್ಟಿಯ ದೊಡ್ಡ ವಿಜಯ ಕಾಣಿಸಿದುದು 1890ರ ಅಮೆರಿಕದ ಜನಗಣತಿಯಲ್ಲಿ. ಹರ್ಮನ್ ಹೊಲರಿತ್ ಎಂಬ ಇಂಜಿನಿಯರು ಒಬ್ಬೊಬ್ಬ ವ್ಯಕ್ತಿಗೂ ಒಂದೊಂದು ಪಟ್ಟಿಯನ್ನು ಕೊರೆಸಿ, ತೂತಿನ ಮೂಲಕ ಸೂಜಿಗಳು ಪಾದರಸವನ್ನು ಮುಟ್ಟಿದಾಗ ವಿದ್ಯುತ್ತು ಹರಿದು ಎಣಿಕೆಯಾಗುವಂತೆ ಮಾಡಿದನು. ರೈಲಿನಲ್ಲಿ ಟಿಕೆಟ್ಟುಗಳಿಗೆ ತೂತು ಹಾಕುವುದನ್ನು ಕಂಡು ತನಗೆ ಈ ಉಪಾಯ ಹೊಳೆಯಿತೆಂದು ಅವನು ಹೇಳಿದ್ದಾನೆ. ಆದುದರಿಂದ ಮಗ್ಗದಿಂದ ಗಣಕಕ್ಕೆ ಒಂದೇ ನೇರವಾದ ದಾರಿಯಿದೆಯೆಂದು ಭಾವಿಸಬಾರದು. ಹೊಲರಿತ್ ಸ್ಥಾಪಿಸಿದ ಸಂಸ್ಥೆ ಬೇರೆ ಸಂಸ್ಥೆಗಳೊಡನೆ ಕೂಡಿ 1924ರಲ್ಲಿ ಐ.ಬಿ.ಎಂ. ಎಂಬ ಹೆಸರನ್ನು ಪಡೆಯಿತು. ಇಪ್ಪತ್ತನೆಯ ಶತಮಾನದ ಬಹುಕಾಲ ಗಣಕಗಳಿಗೆ ಅಪ್ಪಣೆಗಳನ್ನು ಉಣಿಸಿದುದು ಇಂತಹ ಪಟ್ಟಿಗಳೇ.

ಮುಂದೆ ಗಣಕಗಳು ರಟ್ಟನ್ನು ತೊರೆದುವು. 1983ರಲ್ಲಿ ವಿದ್ಯುನ್ಮಾನ ಜಕಾರ್ಡ್ ಯಂತ್ರವು ಮಾರುಕಟ್ಟೆಗೆ ಬಂದಿತು. ಅಲ್ಲಿ ಕೊಕ್ಕೆಗಳನ್ನು ಆರಿಸುವುದು ತೂತುಗಳಲ್ಲ, ಗಣಕದ ಸಂಕೇತಗಳು. ಮಗ್ಗವು ಗಣಕಕ್ಕೆ ಕೊಟ್ಟ ಸಾಲವನ್ನು ಗಣಕವು ಮಗ್ಗಕ್ಕೆ ಹಿಂದಿರುಗಿಸಿತೆಂದು ಹೇಳಬಹುದು. ಆದರೂ ಭಾರತದ ಅನೇಕ ನೇಕಾರಕೇರಿಗಳಲ್ಲಿ ರಟ್ಟಿನ ಪಟ್ಟಿಗಳ ಸರಪಳಿ ಈಗಲೂ ಮಗ್ಗದ ಮೇಲೆ ಟಕಟಕನೆ ಸರಿಯುತ್ತಲೇ ಇದೆ.

ಮನೆಯಲ್ಲಿ ಹೂಬುಟ್ಟಾಗಳ ರೇಷ್ಮೆ ಸೀರೆಯಿದ್ದರೆ, ವಿದ್ಯಾರ್ಥಿಗಳು ಅದರ ಸೆರಗನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಬಹುದು. ದೂರದಿಂದ ಬಾಗಿದ ಬಳ್ಳಿಯಾಗಿ ಕಾಣುವುದು ಹತ್ತಿರದಲ್ಲಿ ಸಣ್ಣ ಸಣ್ಣ ಮೆಟ್ಟಲುಗಳ ಸಾಲಾಗಿ ಕಾಣುತ್ತದೆ. ಅಲ್ಲಿ ಬಾಗಿದ ಗೆರೆ ಒಂದೂ ಇಲ್ಲ. ಇರುವುದು, ಈ ತಾಣದಲ್ಲಿ ಹಾಸು ಮೇಲೋ ಹೊಕ್ಕು ಮೇಲೋ ಎಂಬ ನಿರ್ಧಾರ ಮಾತ್ರ. ಗಣಕದ ತೆರೆಯ ಮೇಲಿನ ಚಿತ್ರವೂ ಇಂತಹ ಬಿಂದುಗಳ ಕೂಟವೇ. ಎರಡರಲ್ಲಿಯೂ ಬಳ್ಳಿಯನ್ನು ಕಾಣುವುದು ಯಂತ್ರವಲ್ಲ, ನಮ್ಮ ಕಣ್ಣು.