ಎಂಟು ಫ್ರೇಮಿನ ಪೇಚು!

ಕತ್ತಿ ಬೀಸುವ ಮುಂಚೆಯೇ ತಲೆ ಉರುಳಿದ್ದನ್ನು ಯಾವ ಚಿತ್ರದಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ ಸ್ವಾಮಿ! ಅದೂ ನಾನೇ ಕೆಲಸ ಮಾಡಿದ ದೃಶ್ಯದಲ್ಲಿ.....

ಬನ್ನೇರುಘಟ್ಟ ರಸ್ತೆಯ ಹುಳಿಮಾವಿನಲ್ಲಿ, ಕೆರೆಗೆ ಕೂಗಳತೆ ದೂರದ ಬಾಡಿಗೆ ಮಹಡಿಯಲ್ಲಿ ನಾವು ಹನ್ನೊಂದು ಮಂದಿ ಗ್ರಾಫಿಕ್ಸ್ ಹುಡುಗರು. ಒಬ್ಬ ನಾಯಕನ ಆಕಾರವನ್ನು ಫ್ರೇಮು ಫ್ರೇಮಾಗಿ ಕತ್ತರಿಸುತ್ತಾನೆ. ಒಬ್ಬ ಕ್ಯಾಮರಾ ಚಲನೆ ಲೆಕ್ಕ ಹಾಕುತ್ತಾನೆ. ಇನ್ನೊಬ್ಬ ಕತ್ತಿ, ಮತ್ತೊಬ್ಬ ತಲೆ! ಎಲ್ಲ ಜೋಡಿಸುವ ಕಂಪೋಸಿಟರ್ ನಾನು. ಕೈಯಿಂದ ಕೈಗೆ ಸಾಗುವ ಈ ಸಾಲಿಗೇ ಪೈಪ್‌ಲೈನ್ ಅನ್ನೋದು. ಕಾವೇರಿ ಪೈಪಿನ ಹಾಗೇ, ಎಲ್ಲೋ ಒಡೆದರೆ ಕೊನೆಯ ನಲ್ಲಿಯಲ್ಲಿ ಬರೀ ಗಾಳಿ.

1977ರ 'ಬಭ್ರುವಾಹನ'ದಲ್ಲಿ ಅಣ್ಣಾವ್ರು ಅರ್ಜುನನೂ ಹೌದು, ಬಭ್ರುವಾಹನನೂ ಹೌದು. ಆ ಕಾಲದ ದ್ವಿಪಾತ್ರದ ಹಳೇ ಉಪಾಯ ಕೇಳಿ: ಲೆನ್ಸಿನ ಅರ್ಧ ಮುಚ್ಚಿ ಒಮ್ಮೆ ಶೂಟು, ರೀಲು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೊಮ್ಮೆ. ಕ್ಯಾಮರಾ ಕೂದಲೆಳೆ ಅಲುಗಿದರೂ ಕೆಟ್ಟಿತು! ಆದರೆ ಲೆಕ್ಕವೆಲ್ಲ ಒಬ್ಬ ಛಾಯಾಗ್ರಾಹಕನ ತಲೆಯಲ್ಲೇ. ನಮ್ಮಲ್ಲಿ ಹನ್ನೊಂದು ತಲೆ.

ನಡೆದದ್ದು ಇಷ್ಟೆ. ಐದು ಸೆಕೆಂಡಿನ ಯುದ್ಧದ ಶಾಟು. ಸೆಕೆಂಡಿಗೆ 24ರಂತೆ 120 ಫ್ರೇಮು. ಸಂಕಲನಕಾರರು ಕೊನೇ ಗಳಿಗೆಯಲ್ಲಿ ಶಾಟಿನ ಆರಂಭಕ್ಕೆ ಎಂಟು ಫ್ರೇಮು ಸೇರಿಸಿದರು. ಬರೀ ಸೆಕೆಂಡಿನ ಮೂರನೇ ಒಂದು ಭಾಗ! ಕತ್ತಿಯವನಿಗೆ ಹೊಸ ಪಟ್ಟಿ ತಲುಪಿತು, ತಲೆಯವನಿಗೆ ತಲುಪಲಿಲ್ಲ. ಇಬ್ಬರ ಫೈಲಿನ ಹೆಸರೂ 'ಫೈನಲ್'! ರಾತ್ರಿ ಎರಡು ಗಂಟೆಗೆ ಕಣ್ಣು ಮುಚ್ಚಿ ಜೋಡಿಸಿ ಕಳಿಸಿದೆ. ಮರುದಿನ ನಿರ್ಮಾಪಕರು ನಕ್ಕರು. ನಿರ್ದೇಶಕರು ನಗಲಿಲ್ಲ.

ಬೈಗುಳ ಬಿದ್ದದ್ದು ತಲೆಯವನಿಗೆ. ಪರೀಕ್ಷಿಸದೆ ಜೋಡಿಸಿದವನು ನಾನು ತಾನೆ? ಬಾಯಿ ಬಿಡಲಿಲ್ಲ. ಪಾಪ, ತಂಗಿಯ ನಿಶ್ಚಿತಾರ್ಥ ಬಿಟ್ಟು ಮೂರು ರಾತ್ರಿ ಕೂತ. ಆಮೇಲೆ ಗವಿ ದೇವಸ್ಥಾನದ ಹತ್ತಿರ ಟೀ ಕುಡಿಯುವಾಗ ಒಪ್ಪಿಕೊಂಡೆ. 'ಗೊತ್ತಿತ್ತು ಬಿಡು ಗುರೂ' ಅಂದ. ಟೀ ದುಡ್ಡು ಮಾತ್ರ ನನ್ನ ಕೈಲೇ ಕೊಡಿಸಿದ!

ಈಗ ನಮ್ಮಲ್ಲಿ 'ಫೈನಲ್' ಅಂತ ಬರೆಯುವಂತಿಲ್ಲ. ವಿ001, ವಿ002..... ಅಷ್ಟೆ. ದೊಡ್ಡ ಸ್ಟುಡಿಯೋಗಳ ಪದ್ಧತಿಯಂತೆ ಪ್ರತಿ ಶಾಟೂ 1001ರಿಂದ ಶುರು. ಯಾಕೆ ಗೊತ್ತೆ? ಮುಂದೆ ಎಂಟು ಫ್ರೇಮು ಸೇರಿದರೆ ಶಾಟು 993ರಿಂದ ಆರಂಭ, ತಲೆ ಉರುಳುವ ಸಂಖ್ಯೆ ಕದಲುವುದೇ ಇಲ್ಲ. ಕಾಗದದ ಮೇಲೆ ಎಷ್ಟು ಸುಲಭ! ನಿದ್ದೆಗೆಟ್ಟ ಹನ್ನೊಂದು ಜನರ ಕೈಲಿ ಪಾಲಿಸುವಂತೆ ಮಾಡೋದಿದೆಯಲ್ಲ.....

ಚಿತ್ರ ಬಿಡುಗಡೆಯಾದ ದಿನ ಇಬ್ಬರೂ ಗಾಂಧಿ ಕ್ಲಾಸಿನಲ್ಲಿ ಕೂತೆವು. ಕತ್ತಿ ಬೀಸಿತು, ತಲೆ ಉರುಳಿತು, ಶಿಳ್ಳೆಯೋ ಶಿಳ್ಳೆ! ಕೊನೆಯಲ್ಲಿ ನಮ್ಮ ಹೆಸರು ಬರುವ ಹೊತ್ತಿಗೆ ಲೈಟು ಹಾಕಿಬಿಟ್ಟರು!