ಮೊಣಕಾಲು ನೋವೆಂದು ಮಗು ಕುಂಟಿದರೆ ಸೊಂಟದ ಕೀಲನ್ನೂ ತೋರಿಸಿ



ದೊಡ್ಡ ತರಗತಿಯ ಮಕ್ಕಳು ಕುಂಟಿದರೆ ನಮ್ಮ ಹಳ್ಳಿಗಳಲ್ಲಿ ಕೇಳಿಬರುವ ಮಾತುಗಳು ಸಾಮಾನ್ಯವಾಗಿ ಮೂರು: "ಆಟದಲ್ಲಿ ಬಿದ್ದಿರಬೇಕು", "ಬೆಳೆಯೋ ವಯಸ್ಸಿನ ನೋವು", "ಶಾಲೆಗೆ ಹೋಗೋಕೆ ಸೋಮಾರಿತನ". ಅನೇಕ ಸಲ ನೋವು ತಾನಾಗಿ ಹೋಗುತ್ತದೆ, ನಿಜ. ಆದರೆ ಹೋಗದೆ ವಾರಗಟ್ಟಲೆ ಉಳಿಯುವ ಒಂದು ಬಗೆಯ ಕುಂಟು ಇದೆ. ಅದನ್ನು ಬೇಗ ಗುರುತಿಸಿದರೆ ಒಂದು ಸ್ಕ್ರೂ ಹಾಕುವ ಸಣ್ಣ ಆಪರೇಷನ್ ಸಾಕಾಗುತ್ತದೆ. ತಡಮಾಡಿದರೆ ಮಗುವಿನ ಸೊಂಟದ ಕೀಲೇ ಹಾಳಾಗಬಹುದು. ಈ ತೊಂದರೆಯ ಬಗ್ಗೆ ಮತ್ತು ಅದಕ್ಕಿರುವ ಆಪರೇಷನ್‌ಗಳ ಬಗ್ಗೆ ತಂದೆತಾಯಿಗಳಿಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಏನಿದು ತೊಂದರೆ?

ತೊಡೆಮೂಳೆಯ ಮೇಲ್ತುದಿಯಲ್ಲಿ ಚೆಂಡಿನಂಥ ಒಂದು ಗುಂಡು ಇದೆ. ಅದು ಸೊಂಟದ ಮೂಳೆಯ ಗುಳಿಯೊಳಗೆ ಕೂತು ತಿರುಗುತ್ತದೆ. ಬೆಳೆಯುವ ಮಕ್ಕಳಲ್ಲಿ ಈ ಗುಂಡಿಗೂ ಅದರ ಕೆಳಗಿನ ಮೂಳೆಯ ಕುತ್ತಿಗೆಗೂ ನಡುವೆ ಒಂದು ಮೆದು ಪದರ ಇರುತ್ತದೆ. ಮೂಳೆ ಬೆಳೆಯುವುದು ಅಲ್ಲಿಂದಲೇ. ಹರೆಯಕ್ಕೆ ಬರುವ ಕಾಲದಲ್ಲಿ ಮಕ್ಕಳು ಬೇಗ ಬೇಗ ಎತ್ತರವಾಗುತ್ತಾರೆ. ಆಗ ಈ ಪದರ ಸ್ವಲ್ಪ ದುರ್ಬಲವಾಗಿರುತ್ತದೆ. ಹಸಿ ಗಾರೆಯ ಮೇಲಿಟ್ಟ ಕಲ್ಲು ಭಾರಕ್ಕೆ ಜರುಗುವ ಹಾಗೆ ಗುಂಡು ಮತ್ತು ಕುತ್ತಿಗೆ ಒಂದರಿಂದ ಒಂದು ಜಾರುತ್ತವೆ. ಗುಂಡು ಗುಳಿಯಲ್ಲೇ ಉಳಿದು, ಕುತ್ತಿಗೆ ಮುಂದಕ್ಕೂ ಮೇಲಕ್ಕೂ ಸರಿಯುತ್ತದೆ. ವೈದ್ಯರು ಇದನ್ನು ಸ್ಲಿಪ್ಡ್ ಕ್ಯಾಪಿಟಲ್ ಫೆಮೊರಲ್ ಎಪಿಫಿಸಿಸ್, ಚಿಕ್ಕದಾಗಿ ಎಸ್‌ಸಿಎಫ್‌ಇ ಎನ್ನುತ್ತಾರೆ.

ಸಾಮಾನ್ಯವಾಗಿ 10ರಿಂದ 16 ವರ್ಷದೊಳಗಿನ ಮಕ್ಕಳಲ್ಲಿ, ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು. ದಪ್ಪಗಿರುವ ಮಕ್ಕಳಿಗೆ ಅಪಾಯ ಜಾಸ್ತಿ. ಹಾಗೆಂದು ಮಗುವನ್ನು ದೂರಬೇಡಿ. ಸಣಕಲು ಮಕ್ಕಳಿಗೂ ಬರುತ್ತದೆ. ಅಂಥವರಲ್ಲಿ, ಹಾಗೂ 10 ವರ್ಷಕ್ಕಿಂತ ಚಿಕ್ಕವರಲ್ಲಿ, ಥೈರಾಯ್ಡ್ ಕೊರತೆ, ಕಿಡ್ನಿ ಕಾಯಿಲೆ ಮುಂತಾದ ಕಾರಣ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಗುರುತಿಸುವುದು ಹೇಗೆ?

ಮೋಸ ಆಗುವುದು ಇಲ್ಲಿಯೇ. ತೊಂದರೆ ಇರುವುದು ಸೊಂಟದ ಕೀಲಿನಲ್ಲಾದರೂ ಎಷ್ಟೋ ಮಕ್ಕಳು ಮೊಣಕಾಲು ಅಥವಾ ತೊಡೆ ಮುಟ್ಟಿ ತೋರಿಸುತ್ತಾರೆ. ಎರಡೂ ಕೀಲುಗಳಿಗೆ ಒಂದೇ ನರದ ಕವಲುಗಳು ಹೋಗುವುದರಿಂದ ಹೀಗಾಗುತ್ತದೆ. ಮೊಣಕಾಲಿನ ಎಕ್ಸ್‌ರೇ ಮಾತ್ರ ತೆಗೆದರೆ ಅದು ಸರಿಯಾಗಿಯೇ ಕಾಣುತ್ತದೆ. "ಏನೂ ಇಲ್ಲ" ಎಂದು ನೋವಿನ ಮಾತ್ರೆಯೊಂದಿಗೆ ಮನೆಗೆ ಬಂದವರು, ಒಳಗೆ ಕೀಲು ಜಾರುತ್ತಲೇ ಇರುವುದನ್ನು ಅರಿಯದೆ ತಿಂಗಳು ಕಳೆಯುತ್ತಾರೆ.

ಮಗು ನಡೆಯುವಾಗ ಹಿಂದೆ ನಿಂತು ನೋಡಿ. ಒಂದು ಪಾದ ಹೊರಕ್ಕೆ ತಿರುಗಿರುತ್ತದೆಯೇ? ಮಲಗಿಸಿ ಮೊಣಕಾಲು ಮಡಚಿ ತೊಡೆಯನ್ನು ಮೆಲ್ಲಗೆ ಎತ್ತಿದರೆ ಅದು ನೇರವಾಗಿ ಹೊಟ್ಟೆಯ ಕಡೆಗೆ ಬಾರದೆ ಪಕ್ಕಕ್ಕೆ ವಾಲುತ್ತದೆಯೇ? ಹಾಗಿದ್ದರೆ ಮೂಳೆ ವೈದ್ಯರ ಬಳಿ "ಎರಡೂ ಸೊಂಟದ ಕೀಲಿನ ಎಕ್ಸ್‌ರೇ ಬೇಕಾ ಡಾಕ್ಟ್ರೇ?" ಎಂದು ಧೈರ್ಯವಾಗಿ ಕೇಳಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ಬೇಕು. ಸ್ವಲ್ಪವೇ ಜಾರಿದ್ದರೆ ಮುಂದಿನ ಚಿತ್ರವೊಂದರಲ್ಲೇ ಅದು ಕಾಣದೆ ಹೋಗಬಹುದು. ಮಗುವಿಗೆ ಕಾಲೂರಲೂ ಆಗುತ್ತಿಲ್ಲವೆಂದರೆ ತೊಡೆ ಎತ್ತಿ ನೋಡಲು ಹೋಗಬೇಡಿ, ನೇರ ಆಸ್ಪತ್ರೆಗೆ ಹೋಗಿ.

ನಡೆಯಬಲ್ಲ ಮಗು, ನಡೆಯಲಾರದ ಮಗು

ವೈದ್ಯರು ಮೊದಲು ಕೇಳುವ ಪ್ರಶ್ನೆ, "ಕಾಲೂರಿ ನಡೀತಾನಾ?" ಎಂಬುದು. ಊರುಗೋಲು ಹಿಡಿದಾದರೂ ನಡೆಯಬಲ್ಲ ಮಗುವಿನ ಕೀಲನ್ನು ಸ್ಥಿರ ಎನ್ನುತ್ತಾರೆ. ಊರುಗೋಲು ಕೊಟ್ಟರೂ ನಡೆಯಲಾರದಿದ್ದರೆ ಅದು ಅಸ್ಥಿರ. 1993ರಲ್ಲಿ ಅಮೆರಿಕದ ಡಾ. ಲೋಡರ್ ಮತ್ತು ಸಂಗಡಿಗರು ಈ ವಿಂಗಡಣೆಯನ್ನು ಮುಂದಿಟ್ಟರು. ಅವರು ನೋಡಿದ 30 ಅಸ್ಥಿರ ಕೀಲುಗಳ ಪೈಕಿ 14ರಲ್ಲಿ ಗುಂಡಿಗೆ ರಕ್ತ ಸಂಚಾರ ನಿಂತು ಮೂಳೆ ಸತ್ತಿತ್ತು. 25 ಸ್ಥಿರ ಕೀಲುಗಳಲ್ಲಿ ಒಂದರಲ್ಲೂ ಹೀಗಾಗಿರಲಿಲ್ಲ. ಆಮೇಲಿನ ಅಧ್ಯಯನಗಳಲ್ಲಿ ಅಂಕಿಗಳು ಬೇರೆ ಬೇರೆಯಾಗಿದ್ದರೂ ಅಸ್ಥಿರ ಕೀಲಿಗೇ ಅಪಾಯ ಹೆಚ್ಚೆಂಬುದು ಬದಲಾಗಿಲ್ಲ. ಇಂದು ಕುಂಟುತ್ತ ನಡೆಯುವ ಮಗು ನಾಳೆ ಮೆಟ್ಟಿಲಲ್ಲಿ ಎಡವಿದರೆ ಒಂದೇ ಕ್ಷಣದಲ್ಲಿ ಎರಡನೆಯ ಗುಂಪಿಗೆ ಸೇರಬಹುದು. ಆದ್ದರಿಂದಲೇ ರೋಗ ಗೊತ್ತಾದ ದಿನವೇ ಮಗುವನ್ನು ನಡೆಸದೆ ಅಡ್ಮಿಟ್ ಮಾಡಿಕೊಳ್ಳುತ್ತಾರೆ. "ಪರೀಕ್ಷೆ ಮುಗಿಸಿ ಬರ್ತೀವಿ", "ಹಬ್ಬ ಕಳೀಲಿ" ಎನ್ನಬೇಡಿ.

ಯಾವ ಆಪರೇಷನ್?

ಮಾತ್ರೆ, ಎಣ್ಣೆ, ಪಟ್ಟುಗಳಿಂದ ಜಾರಿದ ಮೂಳೆ ನಿಲ್ಲುವುದಿಲ್ಲ. ಹಿಂದೆ ಸೊಂಟದಿಂದ ಕಾಲಿನವರೆಗೆ ಪಿಒಪಿ ಕಟ್ಟು ಹಾಕುತ್ತಿದ್ದರು. ಅದರಿಂದ ಕೀಲಿನ ನುಣುಪು ಪದರ ಸವೆಯುವುದೂ ಕಟ್ಟು ಬಿಚ್ಚಿದ ಮೇಲೆ ಮತ್ತೆ ಜಾರುವುದೂ ಕಂಡುಬಂದು ಆ ಪದ್ಧತಿಯನ್ನು ಬಿಡಲಾಗಿದೆ. ಈಗ ಇರುವ ದಾರಿಗಳು ಇವು:

1. ಇದ್ದಲ್ಲೇ ಸ್ಕ್ರೂ ಹಾಕುವುದು. ಸ್ಥಿರ ಕೀಲಿಗೆ ಹೆಚ್ಚಾಗಿ ಇದೇ ಚಿಕಿತ್ಸೆ. ಅರಿವಳಿಕೆ ಕೊಟ್ಟು, ಎಕ್ಸ್‌ರೇ ಪರದೆ ನೋಡುತ್ತ, ಸಣ್ಣ ಗಾಯದ ಮೂಲಕ ಕುತ್ತಿಗೆಯಿಂದ ಗುಂಡಿನ ಮಧ್ಯಕ್ಕೆ ಒಂದು ಸ್ಕ್ರೂ ಬಿಗಿಯುತ್ತಾರೆ. ಜಾರಿದ್ದನ್ನು ಹಿಂದಕ್ಕೆ ತಳ್ಳುವುದಿಲ್ಲ. ಎಳೆದು ಕೂರಿಸಲು ಹೋದರೆ ರಕ್ತನಾಳಕ್ಕೆ ಪೆಟ್ಟಾಗುತ್ತದೆ. ಇನ್ನಷ್ಟು ಜಾರದಂತೆ ತಡೆದು, ಬೆಳೆಯುವ ಪದರ ಮುಚ್ಚಿ ಮೂಳೆ ಒಂದಾಗುವಂತೆ ಮಾಡುವುದೇ ಉದ್ದೇಶ. ಆಮೇಲೆ ಕೆಲವು ವಾರ ಊರುಗೋಲು ಬೇಕು.

2. ಅಸ್ಥಿರ ಕೀಲಿಗೆ ತುರ್ತು ಆಪರೇಷನ್. ಇಲ್ಲಿ ಗುಂಡನ್ನು ಬಹಳ ಮೃದುವಾಗಿ ಸರಿಹೊಂದಿಸಿ, ಕೀಲಿನೊಳಗೆ ತುಂಬಿದ ರಕ್ತದ ಒತ್ತಡ ಇಳಿಸಿ, ಒಂದು ಅಥವಾ ಎರಡು ಸ್ಕ್ರೂ ಹಾಕುತ್ತಾರೆ. ಎಲ್ಲ ಸರಿಯಾಗಿ ಮಾಡಿದರೂ ರಕ್ತ ಸಂಚಾರ ನಿಲ್ಲುವ ಭಯ ಇದ್ದೇ ಇದೆ.

3. ಕೀಲು ತೆರೆದು ಗುಂಡನ್ನು ಕೂರಿಸುವುದು. ತುಂಬಾ ಜಾರಿದ್ದರೆ ಕೆಲವರು ಮಾರ್ಪಡಿಸಿದ ಡನ್ ವಿಧಾನವನ್ನು ಅನುಸರಿಸುತ್ತಾರೆ. ಮೂಲ ವಿಧಾನವನ್ನು ಡಾ. ಡನ್ 1964ರಲ್ಲಿ ಪ್ರಕಟಿಸಿದರು. ರಕ್ತನಾಳ ಕಾಪಾಡಿಕೊಂಡು ಕೀಲನ್ನು ತೆರೆಯುವ ದಾರಿಯನ್ನು ಸ್ವಿಟ್ಜರ್ಲೆಂಡಿನ ಡಾ. ಗಾಂಜ್ ತಂಡ 2001ರಲ್ಲಿ ವಿವರಿಸಿತು. ಇದು ದೊಡ್ಡ ಆಪರೇಷನ್. ಪಳಗಿದ ಕೈಗಳಲ್ಲಿ ಮಾತ್ರ ಆಗಬೇಕು.

4. ಮುಂದೆ ಮೂಳೆಯ ಆಕಾರ ತಿದ್ದುವುದು. ಸ್ಕ್ರೂ ಹಾಕಿ ಮೂಳೆ ಕೂಡಿಕೊಂಡ ಮೇಲೂ ಪಾದ ಹೊರಕ್ಕೇ ತಿರುಗಿದ್ದರೆ, ಕೂರಲು ಕಷ್ಟವಾದರೆ, ತೊಡೆಮೂಳೆಯನ್ನು ಗುಂಡಿಗಿಂತ ಕೆಳಗೆ ಕತ್ತರಿಸಿ ತಿರುಗಿಸಿ ಪ್ಲೇಟ್ ಹಾಕುತ್ತಾರೆ. ಉಬ್ಬಿದ ಮೂಳೆ ಗುಳಿಯ ಅಂಚಿಗೆ ತಾಗುತ್ತಿದ್ದರೆ ಅಷ್ಟನ್ನು ಕೆತ್ತಿ ತೆಗೆಯುವುದೂ ಉಂಟು.

ಇನ್ನೊಂದು ಕಾಲನ್ನು ಮರೆಯಬೇಡಿ

ಎಷ್ಟೋ ಮಕ್ಕಳಲ್ಲಿ ಒಂದು ಕಡೆ ಜಾರಿದ ಮೇಲೆ, ಹೆಚ್ಚಾಗಿ ಒಂದೂವರೆ ವರ್ಷದೊಳಗೆ, ಇನ್ನೊಂದು ಕಡೆಯೂ ಜಾರುತ್ತದೆ. ಮಗು ತೀರಾ ಚಿಕ್ಕದಾಗಿದ್ದರೆ, ಥೈರಾಯ್ಡ್ ಅಥವಾ ಕಿಡ್ನಿ ತೊಂದರೆ ಇದ್ದರೆ, ಅಥವಾ ಮತ್ತೆ ಮತ್ತೆ ತಪಾಸಣೆಗೆ ಬರಲು ದೂರವಾದರೆ, ಚೆನ್ನಾಗಿರುವ ಕಾಲಿಗೂ ಮುಂಜಾಗ್ರತೆಯಾಗಿ ಸ್ಕ್ರೂ ಹಾಕಲು ವೈದ್ಯರು ಹೇಳಬಹುದು. "ಸರಿ ಇರೋ ಕಾಲಿಗೆ ಯಾಕೆ ಕೈ ಹಾಕ್ತಾರೆ?" ಎಂದು ಸಿಟ್ಟಾಗದೆ ಕಾರಣ ಕೇಳಿ ತಿಳಿದು ತೀರ್ಮಾನಿಸಿ. ಬೇಡವೆಂದರೆ ಕರೆದ ದಿನ ತಪ್ಪದೆ ಎಕ್ಸ್‌ರೇಗೆ ಹೋಗಬೇಕು.

ತಾಯಂದಿರು ಕೇಳುವ ಪ್ರಶ್ನೆಗಳು

"ಸಿಸ್ಟರ್, ಹುಡುಗಿಗೆ ಮುಂದೆ ಹೆರಿಗೆಗೆ ತೊಂದರೆ ಆಗಲ್ವಾ?" ಇಲ್ಲ. ಸ್ಕ್ರೂ ಇರುವುದು ತೊಡೆಮೂಳೆಯಲ್ಲಿ, ಮಗು ಹೊರಬರುವ ದಾರಿಯಲ್ಲಿ ಅಲ್ಲ. ಮದುವೆಯ ಮಾತಿಗೆ ಹೆದರಿ ಹೆಣ್ಣುಮಕ್ಕಳ ಕುಂಟನ್ನು ಮುಚ್ಚಿಡುವುದರಿಂದಲೇ ಹೆಚ್ಚು ಹಾನಿ.

"ಬೆಳವಣಿಗೆ ನಿಂತುಹೋಗುತ್ತಾ?" ಕಾಲಿನ ಉದ್ದ ಬಹುಪಾಲು ಬೆಳೆಯುವುದು ಮೊಣಕಾಲಿನ ಸುತ್ತಲಿನ ಪದರಗಳಿಂದ. ಈ ವಯಸ್ಸಿನಲ್ಲಿ ಮೇಲಿನ ಪದರ ಮುಚ್ಚಿದರೆ ಆಗುವ ವ್ಯತ್ಯಾಸ ಸಾಮಾನ್ಯವಾಗಿ ಸ್ವಲ್ಪವೇ.

"ಸ್ಕ್ರೂ ತೆಗೆಸಬೇಕಾ?" ತೊಂದರೆ ಕೊಡದಿದ್ದರೆ ಹೆಚ್ಚಾಗಿ ಒಳಗೇ ಬಿಡುತ್ತಾರೆ.

"ಮೊದಲು ಎಣ್ಣೆ ತಿಕ್ಕಿಸಿ ನೋಡೋಣವಾ?" ಬೇಡ. ತಿಕ್ಕಿ, ಎಳೆದು, ತಿರುಚಿದರೆ ಅರ್ಧ ಜಾರಿದ ಗುಂಡು ಪೂರ್ತಿ ಜಾರಬಹುದು.

ಖರ್ಚಿಗೆ ಹೆದರಿ ಕೂರಬೇಡಿ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ರೇಷನ್ ಕಾರ್ಡ್, ಮಗುವಿನ ಆಧಾರ್ ಹಿಡಿದು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಬರೆಸಿಕೊಳ್ಳಿ. ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆಯಂಥ ಮೂಳೆಗೇ ಮೀಸಲಾದ ಸರ್ಕಾರಿ ಸಂಸ್ಥೆಯೂ ನಮ್ಮ ರಾಜ್ಯದಲ್ಲಿದೆ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿದರೆ ಯಾವ ಚಿಕಿತ್ಸೆಗೆ ಎಷ್ಟು ಸಿಗುತ್ತದೆಂದು ಹೇಳುತ್ತಾರೆ.

ಸ್ವಸಹಾಯ ಸಂಘದ ಅಕ್ಕಂದಿರೇ, ಶಾಲೆಯ ಮೇಷ್ಟ್ರೇ, ಟೀಚರಮ್ಮನವರೇ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರೇ, ಮಗು ಕುಂಟುವುದನ್ನು ಮೊದಲು ಕಾಣುವವರು ನೀವು. ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ. ನಿಮ್ಮ ಬೀದಿಯಲ್ಲಿ, ನಿಮ್ಮ ತರಗತಿಯಲ್ಲಿ ಎರಡು ವಾರದಿಂದ ಕುಂಟುತ್ತಿರುವ ಮಗು ಇದೆಯೇ ಎಂದು ಕೇಳಿ. ಇದ್ದರೆ ಆ ಮಗುವನ್ನು ನಡೆಸದೆ, ಆಟೋದಲ್ಲೋ ಬೈಕಿನಲ್ಲೋ ಕೂರಿಸಿಕೊಂಡು ಈ ವಾರವೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಲೂರಲೂ ಆಗದ ಮಗುವಾದರೆ ವಾರ ಕಾಯಬೇಡಿ, 108ಕ್ಕೆ ಕರೆಮಾಡಿ ಇವತ್ತೇ ಹೊರಡಿ.